ಲೈನ್ ಬಂದರೂ ಬ್ಯಾಕಪ್ ಹೋಗದಿದ್ದಾಗ

ಒಂದು ಊರಿಂದ ಇನ್ನೊಂದು ಊರಿಗೆ ಬ್ಯಾಕಪ್ ಕಳಿಸುವವರ ಹತ್ತಿರ ಎರಡು ದೂರು ಇದ್ದೇ ಇರುತ್ತವೆ. ಒಂದು, "ಲೈನ್ ಕಡಿತು, ಮತ್ತ ಮೊದಲಿಂದ ಶುರು." ಇನ್ನೊಂದು, "ಲೈನ್ ಬಂದೈತ್ರೀ, ಬ್ಯಾಕಪ್ ಮಾತ್ರ ಹೋಗವಲ್ದು." ಮೊದಲನೆಯದಕ್ಕೆ ಮದ್ದು ಸುಲಭ. ಎರಡನೆಯದು ಬಂದಾಗ ಜನ ಇಂಟರ್ನೆಟ್‌ನವರಿಗೆ ಬೈಯುತ್ತಾ ದಿನ ಕಳೆಯುತ್ತಾರೆ. ಹೆಚ್ಚಿನ ಸಲ ಆಗ ಲೈನ್ ಸರಿಯಾಗಿಯೇ ಇರುತ್ತದೆ. ಲೈನ್ ಇಲ್ಲದ ಹೊತ್ತಿನಲ್ಲಿ ಎರಡೂ ಕಡೆಯ ಡಿಸ್ಕ್‌ಗಳಲ್ಲಿ ಏನಾಯಿತು ಎಂದು ಯಾರೂ ನೋಡಿರುವುದಿಲ್ಲ, ಅಷ್ಟೇ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುಧೋಳದಲ್ಲಿ ಮದುವೆ ವಿಡಿಯೋ ಮಾಡುವ ಒಂದು ಸ್ಟುಡಿಯೋ. ಅದರ ಎರಡನೇ ಪ್ರತಿ ಬೆಳಗಾವಿಯ ಟಿಳಕವಾಡಿಯಲ್ಲಿ, ಮಾಲೀಕರ ಅಕ್ಕನ ಮನೆಯ ಕಪಾಟಿನ ಮೇಲಿರುವ ಒಂದು ಹಳೇ ಕಂಪ್ಯೂಟರ್‌ನಲ್ಲಿ. ಬೇರೆ ಊರಲ್ಲೇ ಯಾಕೆ ಇಡಬೇಕು ಎಂದು ಘಟಪ್ರಭಾ ದಂಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟ್ ಪ್ರವಾಹ ಯಾರೂ ಮರೆತಿಲ್ಲ. ಒಂದೇ ಕಟ್ಟಡದಲ್ಲಿ ಎರಡು ಹಾರ್ಡ್‌ಡಿಸ್ಕ್ ಇಟ್ಟರೆ ಎರಡೂ ಒಟ್ಟಿಗೇ ನೆನೆಯುತ್ತವೆ.

ಈ ಭಾಗದಲ್ಲಿ ಫೈಬರ್ ಕೇಬಲ್ ಎಷ್ಟೋ ಕಡೆ ಕಂಬದಿಂದ ಕಂಬಕ್ಕೆ ಜೋತು ಬಿದ್ದಿರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳು ಆಳೆತ್ತರಕ್ಕೂ ಮೀರಿ ಲೋಡ್ ಹೊತ್ತು ಫ್ಯಾಕ್ಟರಿಗೆ ಸಾಲುಗಟ್ಟಿದಾಗ ಅದರ ಗತಿ ಏನಾಗುತ್ತದೆ ಎಂದು ಊಹಿಸಬಹುದು. ಮದುವೆಗಳೂ ಆ ತಿಂಗಳುಗಳಲ್ಲೇ ಜಾಸ್ತಿ, ಅಲ್ವಾ? ಫೈಬರ್ ಹೋದರೆ ರೌಟರ್ ಸಿಮ್ ಕಾರ್ಡ್‌ಗೆ ಹೊರಳುತ್ತದೆ. ಹಾಗೆ ಹೊರಳಿದಾಗ ಐಪಿ ವಿಳಾಸ ಬದಲಾಗಿ, ಓಡುತ್ತಿದ್ದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಗುಟ್ಟಾಗಿ ಲಾಗಿನ್ ಆಗುವ ದಾರಿ) ಸಂಪರ್ಕ ಅಲ್ಲೇ ಸಾಯುತ್ತದೆ. ಬ್ರೌಸರ್ ಬಳಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗಂಟೆಗಟ್ಟಲೆ ಒಂದೇ ಸಂಪರ್ಕದಲ್ಲಿ ಕೂತಿರುವ ಬ್ಯಾಕಪ್‌ಗೆ ಗೊತ್ತಾಗುತ್ತದೆ.

ಸ್ನ್ಯಾಪ್‌ಶಾಟ್ ಒಳಗೆ ಏನಿದೆ

ನಾನು ಇಲ್ಲಿ ಮುಖ್ಯವಾಗಿ ಝಡ್‌ಎಫ್‌ಎಸ್ ಬಗ್ಗೆ ಹೇಳುತ್ತೇನೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಓಪನ್‌ಸೋಲಾರಿಸ್ ಜೊತೆ ಹೊರಬಂದ ಫೈಲ್‌ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ ಇದು. ಈಗ ಲಿನಕ್ಸ್ ಮತ್ತು ಫ್ರೀಬಿಎಸ್‌ಡಿಗಳಲ್ಲಿ ಓಪನ್‌ಝಡ್‌ಎಫ್‌ಎಸ್ ಹೆಸರಿನಲ್ಲಿ ಬಳಕೆಯಲ್ಲಿದೆ.

ಹಳೇ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಬರೆದದ್ದನ್ನು ರಬ್ಬರಿನಿಂದ ಅಳಿಸುವ ಹಾಗಿಲ್ಲ. ತಿದ್ದುಪಡಿ ಇದ್ದರೆ ಹೊಸ ಪುಟದಲ್ಲಿ ಬರೆದು, ಸೂಚಿಯಲ್ಲಿ ಪುಟದ ನಂಬರ್ ಬದಲಾಯಿಸಬೇಕು. ಝಡ್‌ಎಫ್‌ಎಸ್ ಕೂಡ ಹಾಗೇ. ಫೈಲ್ ಬದಲಾದಾಗ ಹಳೇ ಬ್ಲಾಕ್‌ನ (ಡಿಸ್ಕ್‌ನಲ್ಲಿ ಡೇಟಾ ಇಡುವ ತುಂಡು) ಮೇಲೆ ಬರೆಯುವುದಿಲ್ಲ. ಹೊಸ ಜಾಗದಲ್ಲಿ ಬರೆದು ಗುರುತು ಬದಲಾಯಿಸುತ್ತದೆ. ಸ್ನ್ಯಾಪ್‌ಶಾಟ್ ಎಂದರೆ ಆ ಹೊತ್ತಿನ ಸೂಚಿಯನ್ನು ಎತ್ತಿಟ್ಟುಕೊಂಡು, ಅದರಲ್ಲಿರುವ ಹಳೇ ಪುಟಗಳನ್ನು ರದ್ದಿಗೆ ಹಾಕಬೇಡ ಎಂದು ಹೇಳಿದಂತೆ. ಅದಕ್ಕೇ ಎರಡು ಟಿಬಿ ಡೇಟಾ ಇದ್ದರೂ ಸ್ನ್ಯಾಪ್‌ಶಾಟ್ ಕ್ಷಣದಲ್ಲಿ ಆಗುತ್ತದೆ. ಶುರುವಿನಲ್ಲಿ ಹೆಚ್ಚು ಜಾಗವನ್ನೂ ತಿನ್ನುವುದಿಲ್ಲ.

ಪ್ರತಿ ಬ್ಲಾಕ್‌ಗೂ ಅದು ಯಾವಾಗ ಹುಟ್ಟಿತು ಎಂಬ ಗುರುತು ಇರುತ್ತದೆ. ಗಡಿಯಾರದ ಸಮಯವಲ್ಲ, ಟ್ರಾನ್ಸಾಕ್ಷನ್ ಗುಂಪಿನ (ಒಟ್ಟಿಗೆ ಡಿಸ್ಕ್‌ಗೆ ಇಳಿಯುವ ಬರಹಗಳ ಕಂತು) ನಂಬರ್. ನಿನ್ನೆಯ ಸ್ನ್ಯಾಪ್‌ಶಾಟ್‌ನಿಂದ ಇವತ್ತಿನದಕ್ಕೆ ಏನು ಬದಲಾಯಿತು ಎಂದು ಕೇಳಿದರೆ, ನಿನ್ನೆಯ ನಂಬರ್‌ಗಿಂತ ಆಮೇಲೆ ಹುಟ್ಟಿದ ಬ್ಲಾಕ್‌ಗಳನ್ನು ಮಾತ್ರ ಆರಿಸಿಕೊಂಡರೆ ಸಾಕು. ಫೈಲ್ ಹೋಲಿಸಿ ನಕಲು ಮಾಡುವ ಆರ್‌ಸಿಂಕ್ ಹಾಗೆ ಲಕ್ಷಾಂತರ ಫೈಲ್‌ಗಳನ್ನು ಒಂದೊಂದಾಗಿ ತಡಕಬೇಕಾಗಿಲ್ಲ. ನಿಧಾನ ಲೈನ್ ಇದ್ದವರಿಗೆ ಇದು ದೊಡ್ಡ ಉಳಿತಾಯ.

ಇದರಲ್ಲಿ ಒಂದು ಷರತ್ತು ಇದೆ. ಮುಂದೆ ಬರುವ ಅರ್ಧ ತೊಂದರೆಗಳ ಬೇರು ಅಲ್ಲೇ ಇದೆ. ವ್ಯತ್ಯಾಸ ಮಾತ್ರ ಕಳಿಸಬೇಕಾದರೆ ಎರಡೂ ಕಡೆ ಒಂದು ಸಮಾನ ಸ್ನ್ಯಾಪ್‌ಶಾಟ್ ಇರಬೇಕು. ಮುಧೋಳದಲ್ಲಿ ಮಂಗಳವಾರದ್ದು, ಬೆಳಗಾವಿಯಲ್ಲೂ ಅದೇ ಮಂಗಳವಾರದ್ದು. ಹೆಸರು ಒಂದೇ ಇದ್ದರೆ ಸಾಲದು. ಸ್ನ್ಯಾಪ್‌ಶಾಟ್‌ನ ಗುಯಿಡ್ ಎಂಬ ಉದ್ದನೆಯ ಗುರುತಿನ ಸಂಖ್ಯೆಯೂ ಒಂದೇ ಇರಬೇಕು.

ಕಡಿದ ಜಾಗದಿಂದ ಮುಂದುವರಿಸುವುದು

ಝಡ್‌ಎಫ್‌ಎಸ್‌ನ ಸೆಂಡ್ ಕಮಾಂಡ್ ಒಂದು ಉದ್ದನೆಯ ಬೈಟ್ ಪ್ರವಾಹವನ್ನು (ಸ್ಟ್ರೀಮ್) ಹೊರಗೆ ಬಿಡುತ್ತದೆ. ಅದನ್ನು ಎಸ್‌ಎಸ್‌ಎಚ್ ಮೂಲಕ ಹಾಯಿಸಿ ಆ ಕಡೆಯ ರಿಸೀವ್‌ಗೆ ಕೊಡುತ್ತೇವೆ. ಇದು ಒಂದೇ ದಿಕ್ಕಿನ ಮಾತು. ರಿಸೀವ್ ತಿರುಗಿ "ಇಷ್ಟು ಬಂತು, ಮುಂದಿನದು ಕೊಡು" ಎನ್ನುವುದಿಲ್ಲ. ಹಾಗಾಗಿ ಏನೂ ಆಯ್ಕೆ ಕೊಡದೆ ಓಡಿಸಿದರೆ, 180 ಜಿಬಿ ಬಂದ ಮೇಲೆ ಲೈನ್ ಹೋದರೂ ರಿಸೀವ್ ಅಷ್ಟನ್ನೂ ಎಸೆದುಬಿಡುತ್ತದೆ. ಅರ್ಧಂಬರ್ಧ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳುವುದು ಅದರ ಜಾಯಮಾನವಲ್ಲ. ಇದರಲ್ಲಿ ಒಂದು ಒಳ್ಳೆಯದೂ ಇದೆ. ಬೆಳಗಾವಿಯ ಪ್ರತಿ ಯಾವಾಗಲೂ ಯಾವುದೋ ಒಂದು ಪೂರ್ತಿ ಸ್ನ್ಯಾಪ್‌ಶಾಟ್‌ನ ಸ್ಥಿತಿಯಲ್ಲಿರುತ್ತದೆ. ಸ್ವಲ್ಪ ಹಳೆಯದಿರಬಹುದು, ಹರಿದಿರುವುದಿಲ್ಲ.

ರಿಸೀವ್‌ಗೆ ಮೈನಸ್ ಸಣ್ಣ ಎಸ್ (-s) ಎಂಬ ಆಯ್ಕೆ ಕೊಟ್ಟರೆ ಚಿತ್ರ ಬದಲಾಗುತ್ತದೆ. ಲಿನಕ್ಸ್‌ನಲ್ಲಿ ಇದು 2017ರ 0.7 ಆವೃತ್ತಿಯಿಂದ ಇದೆ. ಈಗ ಲೈನ್ ಕಡಿದರೆ ಬಂದಷ್ಟು ಡೇಟಾ ಉಳಿಯುತ್ತದೆ. ಜೊತೆಗೆ ರಿಸೀವ್ ರೆಸ್ಯೂಮ್ ಟೋಕನ್ ಎಂಬ ಒಂದು ಉದ್ದನೆಯ ಅಕ್ಷರಮಾಲೆ ಆ ಡೇಟಾಸೆಟ್‌ನ (ಝಡ್‌ಎಫ್‌ಎಸ್‌ನಲ್ಲಿ ಫೈಲ್‌ಗಳನ್ನಿಡುವ ಒಂದು ವಿಭಾಗ) ಪ್ರಾಪರ್ಟಿಯಾಗಿ ಕೂರುತ್ತದೆ. ಯಾವ ಸ್ನ್ಯಾಪ್‌ಶಾಟ್, ಯಾವ ಫೈಲ್‌ನ ಎಷ್ಟನೇ ಬೈಟ್‌ವರೆಗೆ ಬಂದಿದೆ, ಯಾವ ಆಯ್ಕೆಗಳೊಂದಿಗೆ ಕಳಿಸಿದ್ದಿರಿ, ಎಲ್ಲವೂ ಅದರೊಳಗೆ ಇರುತ್ತದೆ. ಟೋಕನ್ ಸಿಗುವುದು ತಲುಪಿದ ಕಡೆ, ಅಂದರೆ ಬೆಳಗಾವಿಯಲ್ಲಿ. ಅದನ್ನು ಓದಿ ತಂದು ಮುಧೋಳದ ಸೆಂಡ್‌ಗೆ ಮೈನಸ್ ಟಿ ಜೊತೆ ಕೊಟ್ಟರೆ ನಿಂತಲ್ಲಿಂದ ಹೊರಡುತ್ತದೆ. ಕಳೆದುಕೊಳ್ಳುವುದು ಕೊನೆಯ ಕೆಲವು ಸೆಕೆಂಡುಗಳ ಡೇಟಾ ಮಾತ್ರ. ಟೋಕನ್ ಒಳಗೆ ಏನಿದೆ ಎಂದು ಸುಮ್ನೆ ನೋಡಬೇಕಿದ್ದರೆ ಮೈನಸ್ ಟಿ ಜೊತೆ ಮೈನಸ್ ಎನ್ ಮತ್ತು ಮೈನಸ್ ವಿ ಸೇರಿಸಿ. ಏನನ್ನೂ ಕಳಿಸದೆ ವಿವರ ಮಾತ್ರ ತೋರಿಸುತ್ತದೆ.

ಒಂದು ಸೂಕ್ಷ್ಮ ಇದೆ. ಹತ್ತು ಸ್ನ್ಯಾಪ್‌ಶಾಟ್‌ಗಳನ್ನು ಮೈನಸ್ ದೊಡ್ಡ ಐ ಹಾಕಿ ಒಂದೇ ಏಟಿಗೆ ಕಳಿಸುತ್ತಿದ್ದಿರಿ, ನಾಲ್ಕನೆಯದರ ಮಧ್ಯೆ ಕಡಿಯಿತು ಎನ್ನೋಣ. ಟೋಕನ್ ಹಿಡಿದು ಮುಂದುವರಿಸಿದರೆ ಮುಗಿಯುವುದು ನಾಲ್ಕನೆಯದು ಮಾತ್ರ. ಉಳಿದ ಆರಕ್ಕೆ ಮತ್ತೆ ಹೊಸದಾಗಿ ವ್ಯತ್ಯಾಸದ ಸೆಂಡ್ ಓಡಿಸಬೇಕು. ಇದು ಗೊತ್ತಿಲ್ಲದೆ "ರೆಸ್ಯೂಮ್ ಆಯಿತು" ಎಂದು ನೆಮ್ಮದಿಯಾಗಿ ಮಲಗುವವರು ಬಹಳ.

ಸತ್ತೂ ಸಾಯದ ಸಂಪರ್ಕ

ಲೈನ್ ಕಡಿದರೆ ಸೆಂಡ್ ತಪ್ಪು ತೋರಿಸಿ ನಿಲ್ಲುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಅದು ನಿಲ್ಲುವುದೇ ಇಲ್ಲ. ಮುಧೋಳದ ಕಂಪ್ಯೂಟರ್‌ಗೆ ಬೆಳಗಾವಿಯಿಂದ ಉತ್ತರ ಬರದಿದ್ದರೆ ಅದು ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಲಿನಕ್ಸ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಕೈಬಿಡಲು ಸುಮಾರು 15 ನಿಮಿಷ ಬೇಕು. ಬೆಳಗಾವಿ ಕಡೆಯ ಸ್ಥಿತಿ ಇನ್ನೂ ಕೆಟ್ಟದು. ಅದು ಏನನ್ನೂ ಕಳಿಸುತ್ತಿಲ್ಲ, ಬರುವುದಕ್ಕೆ ಕಾಯುತ್ತಿದೆ ಅಷ್ಟೇ. ಹಾಗಾಗಿ ಗಂಟೆಗಟ್ಟಲೆ ಬಾಯಿ ತೆರೆದು ಕೂತಿರುತ್ತದೆ. ಆ ಹಳೇ ರಿಸೀವ್ ಡೇಟಾಸೆಟ್ ಹಿಡಿದುಕೊಂಡಿರುವಾಗ ಹೊಸ ರಿಸೀವ್ ಬಂದರೆ "ಬಿಜಿ" ಎಂಬ ತಪ್ಪು ಸಿಗುತ್ತದೆ. ಲೈನ್ ಬಂದರೂ ಬ್ಯಾಕಪ್ ಹೋಗದಿರುವುದಕ್ಕೆ ಇದು ಮೊದಲ ಕಾರಣ. ಬೆಳಗಾವಿಯಲ್ಲಿ ಓಡುತ್ತಿರುವ ಕೆಲಸಗಳ ಪಟ್ಟಿ ಕೊಡುವ ಪಿಎಸ್ ಕಮಾಂಡ್ ಹಾಕಿ ನೋಡಿದರೆ ಹಳೇ ರಿಸೀವ್ ಕಾಣುತ್ತದೆ.

ಎಸ್‌ಎಸ್‌ಎಚ್‌ಗೆ ಇದಕ್ಕೆ ತಕ್ಕ ಔಷಧ ಇದೆ. ಕಳಿಸುವ ಕಡೆ ಸರ್ವರ್ ಅಲೈವ್ ಇಂಟರ್ವಲ್ 15 ಸೆಕೆಂಡ್, ಕೌಂಟ್ ಮ್ಯಾಕ್ಸ್ 3 ಎಂದು ಇಡಿ. ಆಗ ಉತ್ತರ ಬರದಿದ್ದರೆ ಸುಮಾರು ಮುಕ್ಕಾಲು ನಿಮಿಷದಲ್ಲಿ ಸಂಪರ್ಕ ಮುರಿಯುತ್ತದೆ. ಮಾಮೂಲಿಯಾಗಿ ಈ ಇಂಟರ್ವಲ್ ಸೊನ್ನೆ, ಅಂದರೆ ಬಂದ್. ಬೆಳಗಾವಿಯ ಎಸ್‌ಎಸ್‌ಎಚ್ ಸರ್ವರ್‌ನಲ್ಲೂ ಕ್ಲೈಂಟ್ ಅಲೈವ್ ಇಂಟರ್ವಲ್ ಇಡಬೇಕು. ಜನ ಒಂದು ಕಡೆ ಇಟ್ಟು ಇನ್ನೊಂದು ಕಡೆ ಬಿಡುತ್ತಾರೆ.

ಇದಕ್ಕೆ ಹತ್ತಿರದ ಇನ್ನೊಂದು ಕಾಟ ಎಂಟಿಯು, ಅಂದರೆ ಲೈನ್‌ನಲ್ಲಿ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ. ಲಾಗಿನ್ ಆಗುತ್ತದೆ, ಸಣ್ಣ ಕಮಾಂಡ್‌ಗಳು ಓಡುತ್ತವೆ, ಆದರೆ ಸೆಂಡ್ ಶುರುವಾದ ಕೂಡಲೇ ಎಲ್ಲ ಸ್ತಬ್ಧ. ಪ್ರತಿ ಸಲ ಹೀಗೇ ಆದರೆ ಪ್ಯಾಕೆಟ್ ಗಾತ್ರದ ಮೇಲೆ ಅನುಮಾನ ಪಡಿ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಇರಬಹುದು. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ರೌಟರ್ ಸಂಪರ್ಕ ಪಡೆಯುವ ಪಿಪಿಪಿಒಇ ಲೈನ್‌ನಲ್ಲಿ ಸಾಮಾನ್ಯವಾಗಿ 1492 ಮಾತ್ರ. ವಿಪಿಎನ್ ಇದ್ದರೆ ಇನ್ನೂ ಕಡಿಮೆ. ವೈರ್‌ಗಾರ್ಡ್ ಎಂಬ ವಿಪಿಎನ್ ತಾನಾಗಿ 1420 ಇಟ್ಟುಕೊಳ್ಳುತ್ತದೆ. ಪ್ಯಾಕೆಟ್ ಒಡೆಯಬೇಡ ಎಂದು ಹೇಳಿ ಪಿಂಗ್ ಮಾಡಿ. 1472 ಬೈಟ್ ಹೋಗದೆ 1464 ಹೋದರೆ ಉತ್ತರ ಸಿಕ್ಕಿತು. ಹೆಡರ್‌ನ 28 ಸೇರಿಸಿದರೆ ಅದೇ 1492.

ನಿಜವಾದ ಹಾನಿ ಎಲ್ಲಿ ಆಗುತ್ತದೆ

ನನ್ನ ಲೆಕ್ಕದಲ್ಲಿ ಲೈನ್‌ಗಿಂತ ದೊಡ್ಡ ವೈರಿ ಹಳೇ ಸ್ನ್ಯಾಪ್‌ಶಾಟ್ ಅಳಿಸುವ ಸ್ಕ್ರಿಪ್ಟ್. ಅದು ಪಾಪ ತನ್ನ ಕೆಲಸ ಮಾಡುತ್ತದೆ. ಏಳು ದಿನಕ್ಕಿಂತ ಹಳೆಯದು ಕಂಡರೆ ತೆಗೆದುಹಾಕುತ್ತದೆ. ಸೆಂಡ್ ಓಡುತ್ತಿರುವಾಗ ಆ ಸ್ನ್ಯಾಪ್‌ಶಾಟ್ ಅಳಿಸಲು ಝಡ್‌ಎಫ್‌ಎಸ್ ಬಿಡುವುದಿಲ್ಲ. ಲೈನ್ ಕಡಿದು ಸೆಂಡ್ ಸತ್ತ ಕೂಡಲೇ ಆ ರಕ್ಷಣೆಯೂ ಹೋಗುತ್ತದೆ. ಕೇಬಲ್ ಸರಿಯಾಗಲು ಎಂಟು ದಿನ ಹಿಡಿದರೆ, ಲೈನ್ ಬರುವಷ್ಟರಲ್ಲಿ ಅರ್ಧ ಹೋಗಿದ್ದ ಸ್ನ್ಯಾಪ್‌ಶಾಟ್ ಮುಧೋಳದಲ್ಲಿ ಇಲ್ಲ. ಟೋಕನ್ ಕೊಟ್ಟರೆ, ಮೊದಲು ಕಳಿಸುತ್ತಿದ್ದ ಸ್ನ್ಯಾಪ್‌ಶಾಟ್ ಈಗ ಇಲ್ಲವೆಂದು ಸೆಂಡ್ ಕೈಚೆಲ್ಲುತ್ತದೆ. ಆ ಟೋಕನ್ ಇನ್ನು ಕೆಲಸಕ್ಕೆ ಬಾರದು. ಬೆಳಗಾವಿಯಲ್ಲಿ ರಿಸೀವ್‌ಗೆ ಮೈನಸ್ ದೊಡ್ಡ ಎ ಕೊಟ್ಟು ಆ ಅರ್ಧ ಡೇಟಾ ಎಸೆಯಬೇಕು. ಎಸೆಯದೆ ಹೊಸದಾಗಿ ಕಳಿಸಲು ಹೋದರೆ, "ಪಾರ್ಷಿಯಲಿ ಕಂಪ್ಲೀಟ್ ಸ್ಟೇಟ್" ಇದೆ ಎಂದು ಅದು ತಕರಾರು ತೆಗೆಯುತ್ತದೆ.

ಇದಕ್ಕಿಂತ ಕೆಟ್ಟದ್ದು, ಕೊನೆಯ ಸಮಾನ ಸ್ನ್ಯಾಪ್‌ಶಾಟ್ ಕೂಡ ಅದೇ ಸ್ಕ್ರಿಪ್ಟ್‌ಗೆ ಬಲಿಯಾಗುವುದು. ಆಗ ಸೇತುವೆಯೇ ಇಲ್ಲ. ಎರಡು ಟಿಬಿ ಮತ್ತೆ ಮೊದಲಿಂದ.

ತಡೆಯಲು ಎರಡು ದಾರಿ. ಒಂದು ಹೋಲ್ಡ್. ಕೊನೆಗೆ ತಲುಪಿದ ಸ್ನ್ಯಾಪ್‌ಶಾಟ್ ಮೇಲೂ ಈಗ ಹೋಗುತ್ತಿರುವುದರ ಮೇಲೂ ಒಂದು ಹೋಲ್ಡ್ ಹಾಕಿಬಿಡಿ. ಅದನ್ನು ತೆಗೆಯುವವರೆಗೆ ಯಾರ ಡಿಸ್ಟ್ರಾಯ್ (ಅಳಿಸುವ ಕಮಾಂಡ್) ಕೂಡ ನಡೆಯುವುದಿಲ್ಲ. ಇನ್ನೊಂದು ಬುಕ್‌ಮಾರ್ಕ್. ಇದು ಸ್ನ್ಯಾಪ್‌ಶಾಟ್‌ನ ಗುರುತು ಮತ್ತು ಹುಟ್ಟಿನ ನಂಬರ್ ಮಾತ್ರ ಇಟ್ಟುಕೊಂಡು ಡೇಟಾ ಬಿಟ್ಟುಬಿಡುತ್ತದೆ. ಮುಧೋಳದಲ್ಲಿ ಡಿಸ್ಕ್ ತುಂಬಿ ಹಳೇ ಸ್ನ್ಯಾಪ್‌ಶಾಟ್ ಅಳಿಸಲೇಬೇಕಾದರೂ, ಅದರ ಬುಕ್‌ಮಾರ್ಕ್ ಇದ್ದರೆ ಅಲ್ಲಿಂದ ಮುಂದಿನ ವ್ಯತ್ಯಾಸ ಕಳಿಸಬಹುದು. ಆದರೆ ಬೆಳಗಾವಿಯಲ್ಲಿ ನಿಜವಾದ ಸ್ನ್ಯಾಪ್‌ಶಾಟೇ ಇರಬೇಕು, ಅಲ್ಲಿ ಬುಕ್‌ಮಾರ್ಕ್ ನಡೆಯುವುದಿಲ್ಲ. ನಾನಾದರೆ ಎರಡನ್ನೂ ಬಳಸುತ್ತೇನೆ. ಬುಕ್‌ಮಾರ್ಕ್‌ಗೆ ಜಾಗ ಹೆಚ್ಚೇನೂ ಬೇಡ.

ಇನ್ನು "ಡೆಸ್ಟಿನೇಶನ್ ಹ್ಯಾಸ್ ಬೀನ್ ಮಾಡಿಫೈಡ್" (ತಲುಪುವ ಕಡೆಯ ಪ್ರತಿ ಬದಲಾಗಿದೆ) ಎಂಬ ತಪ್ಪು. ಅಕ್ಕನ ಮನೆಯಲ್ಲಿ ಯಾರೂ ಏನೂ ಮುಟ್ಟಿಲ್ಲ ಎಂದು ಆಣೆ ಮಾಡುತ್ತಾರೆ. ನಿಜವೇ ಇರಬಹುದು. ಡೇಟಾಸೆಟ್ ಮೌಂಟ್ ಆಗಿದ್ದರೆ, ಅಂದರೆ ಫೋಲ್ಡರ್ ಆಗಿ ತೆರೆದುಕೊಂಡಿದ್ದರೆ, ಯಾರೋ ಫೋಲ್ಡರ್ ತೆರೆದು ನೋಡಿದರೂ ಓದಿದ ಸಮಯ ದಾಖಲಾಗುತ್ತದೆ. ಫೋಟೋ ನೋಡುವ ಸಾಫ್ಟ್‌ವೇರ್ ಥಂಬ್‌ನೇಲ್ ಬರೆದಿಡುತ್ತದೆ. ಅಷ್ಟೇ ಸಾಕು. ರಿಸೀವ್‌ಗೆ ಮೈನಸ್ ದೊಡ್ಡ ಎಫ್ ಕೊಟ್ಟರೆ ಕೊನೆಯ ಸ್ನ್ಯಾಪ್‌ಶಾಟ್‌ಗೆ ಹಿಂದೆ ಸರಿದು ಮುಂದುವರಿಯುತ್ತದೆ. ಆದರೆ ಇದನ್ನು ಸ್ಕ್ರಿಪ್ಟ್‌ನಲ್ಲಿ ಕಾಯಂ ಆಗಿ ಹಾಕಿಡುವುದು ನನಗೆ ಹಿಡಿಸುವುದಿಲ್ಲ. ಒಂದು ಡೇಟಾಸೆಟ್ ಮತ್ತು ಅದರ ಕೆಳಗಿನವೆಲ್ಲ ಸೇರಿದ ಪೂರ್ತಿ ಪ್ರತಿಯನ್ನು ಮೈನಸ್ ದೊಡ್ಡ ಆರ್ ಹಾಕಿ ಕಳಿಸುವಾಗ ಇದೂ ಜೊತೆಗಿದ್ದರೆ, ಮುಧೋಳದಲ್ಲಿ ಇಲ್ಲದ ಸ್ನ್ಯಾಪ್‌ಶಾಟ್‌ಗಳನ್ನು ಬೆಳಗಾವಿಯಲ್ಲೂ ಅಳಿಸಿಬಿಡುತ್ತದೆ. ಮುಧೋಳದಲ್ಲಿ ಕೈತಪ್ಪಿ ಅಳಿಸಿದ್ದು ಬೆಳಗಾವಿಯಲ್ಲೂ ಹೋದರೆ ಬ್ಯಾಕಪ್ ಇಟ್ಟು ಏನು ಬಂತು? ಬದಲಿಗೆ ಬೆಳಗಾವಿಯ ಡೇಟಾಸೆಟ್‌ಗೆ ರೀಡ್‌ಓನ್ಲಿ ಆನ್ ಮಾಡಿ. ರಿಸೀವ್‌ಗೆ ಮೈನಸ್ ಯು ಕೊಟ್ಟು ಮೌಂಟ್ ಆಗದಂತೆ ಇಡಿ. ರೀಡ್‌ಓನ್ಲಿ ಇದ್ದರೂ ರಿಸೀವ್‌ಗೆ ಅಡ್ಡಿಯಿಲ್ಲ.

"ಬ್ಯಾಡ್ ಮ್ಯಾಜಿಕ್ ನಂಬರ್" ಎಂದು ಬಂದರೆ ಹೆದರಬೇಡಿ. ಬೆಳಗಾವಿಯ ಕಂಪ್ಯೂಟರ್ ಮುಧೋಳಕ್ಕೆ ಲಾಗಿನ್ ಆಗಿ ಡೇಟಾ ಎಳೆದುಕೊಳ್ಳುವ ಜೋಡಣೆ ಇದ್ದಾಗ ಇದು ಕಾಣಿಸುತ್ತದೆ. ಲಾಗಿನ್ ಆದಾಗ ತಾನಾಗಿ ಓಡುವ ಮುಧೋಳದ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಯಾರೋ "ನಮಸ್ಕಾರ" ಎಂದು ಎಕೋ ಮಾಡಿರುತ್ತಾರೆ, ಅಂದರೆ ಅದು ತೆರೆಗೆ ಬರುವಂತೆ ಬರೆದಿರುತ್ತಾರೆ. ಆ ನಮಸ್ಕಾರ ಸ್ಟ್ರೀಮ್‌ನ ತಲೆಗೆ ಅಂಟಿಕೊಂಡು ಬರುತ್ತದೆ, ರಿಸೀವ್‌ಗೆ ಇದು ಏನೆಂದು ತಿಳಿಯುವುದಿಲ್ಲ. "ಫೇಲ್ಡ್ ಟು ರೀಡ್ ಫ್ರಮ್ ಸ್ಟ್ರೀಮ್" ಬಂದರೆ ರಿಸೀವ್ ಬಿಟ್ಟು ಸೆಂಡ್ ಕಡೆ ನೋಡಿ. ಅದು ಏನನ್ನೂ ಕೊಡುವ ಮೊದಲೇ ಸತ್ತಿದೆ. "ಚೆಕ್‌ಸಮ್ ಮಿಸ್‌ಮ್ಯಾಚ್" ಸ್ವಲ್ಪ ಗಂಭೀರ. ಎಸ್‌ಎಸ್‌ಎಚ್ ಪ್ರತಿ ಪ್ಯಾಕೆಟನ್ನೂ ತಾನೇ ಪರೀಕ್ಷಿಸುತ್ತದೆ, ದಾರಿಯಲ್ಲಿ ಕೆಟ್ಟಿದ್ದರೆ ಅಲ್ಲೇ ಸಂಪರ್ಕ ಕಡಿಯುತ್ತಿತ್ತು. ಹಾಗಾಗಿ ಇಲ್ಲೂ ಲೈನ್ ಮೇಲೆ ಗೂಬೆ ಕೂರಿಸಬೇಡಿ. ಒಂದು ರಾತ್ರಿ ಎರಡೂ ಕಂಪ್ಯೂಟರ್‌ಗಳ ರ‍್ಯಾಮ್ ಪರೀಕ್ಷೆ ಓಡಿಸಿ.

ಸ್ಕ್ರಿಪ್ಟ್ ನೀವೇ ಬರೆಯುವುದಾದರೆ ಕ್ರಮ ಹೀಗಿರಲಿ. ಮೊದಲು ಎಫ್‌ಲಾಕ್ ಎಂಬ ಬೀಗ ಹಾಕಿ, ಹಿಂದಿನ ಓಟ ಮುಗಿಯದೆ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಇನ್ನೊಂದನ್ನು ಶುರು ಮಾಡಬಾರದು. ಆಮೇಲೆ ಬೆಳಗಾವಿಯಲ್ಲಿ ಟೋಕನ್ ಇದೆಯಾ ಕೇಳಿ. ಇದ್ದರೆ ಅದನ್ನೇ ಮುಗಿಸಿ. ಇಲ್ಲದಿದ್ದರೆ ಗುಯಿಡ್ ಹೋಲಿಸಿ ಸಮಾನ ಸ್ನ್ಯಾಪ್‌ಶಾಟ್ ಹುಡುಕಿ, ಅಲ್ಲಿಂದ ಕಳಿಸಿ. ಸೋತರೆ ಸ್ವಲ್ಪ ಕಾದು ಮತ್ತೆ ಟೋಕನ್ ಕೇಳುವಲ್ಲಿಂದ ಶುರು. ಸ್ಕ್ರಿಪ್ಟ್ ಓಡಿಸುವ ಬ್ಯಾಶ್‌ನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆ ಆನ್ ಇರಲಿ. ಇಲ್ಲದಿದ್ದರೆ ಪೈಪ್‌ನ (ಒಂದರ ಹಿಂದೊಂದು ಜೋಡಿಸಿದ ಕಮಾಂಡ್‌ಗಳ ಸಾಲು) ಕೊನೆಯ ಕಮಾಂಡ್ ಗೆದ್ದರೆ ಸಾಕು, ಮೊದಲಿನದು ಸೋತದ್ದು ಗೊತ್ತೇ ಆಗುವುದಿಲ್ಲ. ಎಷ್ಟು ಹೋಯಿತು ಎಂದು ಎಣಿಸುವ ಪಿವಿ ಕಮಾಂಡ್ ತೋರಿಸುವ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅದು ಈ ಕಡೆಯಿಂದ ಹೊರಟದ್ದರ ಲೆಕ್ಕ, ಆ ಕಡೆ ಡಿಸ್ಕ್‌ಗೆ ಇಳಿದದ್ದರ ಲೆಕ್ಕವಲ್ಲ. ಇಷ್ಟೆಲ್ಲ ಬರೆಯುವ ತಾಳ್ಮೆ ಇಲ್ಲದಿದ್ದರೆ ಸಿಂಕಾಯ್ಡ್ ಅಥವಾ ಝಡ್‌ರೆಪ್ಲ್ ಎಂಬ ಸಿದ್ಧ ಸಾಫ್ಟ್‌ವೇರ್ ಬಳಸಿ. ರೆಸ್ಯೂಮ್ ಕೆಲಸವನ್ನು ಅವು ತಾವೇ ನೋಡಿಕೊಳ್ಳುತ್ತವೆ.

ಲೈನ್ ಎಷ್ಟು ಹೊರುತ್ತದೆ

ಏನೂ ಕೆಟ್ಟಿರದೆಯೂ ಬ್ಯಾಕಪ್ ಹಿಂದೆ ಬೀಳಬಹುದು. 10 ಎಂಬಿಪಿಎಸ್ ಅಪ್‌ಲೋಡ್ ಎಂದರೆ ಗಂಟೆಗೆ ಹೆಚ್ಚೆಂದರೆ 4.5 ಜಿಬಿ. 100 ಎಂಬಿಪಿಎಸ್‌ನಲ್ಲಿ ಫೋರ್‌ಕೆ ಚಿತ್ರಿಸುವ ಕ್ಯಾಮೆರಾ ಒಂದು ಗಂಟೆಗೆ 45 ಜಿಬಿ ತುಂಬಿಸುತ್ತದೆ. ಅಂದರೆ ಒಂದು ಗಂಟೆಯ ವಿಡಿಯೋ ಕಳಿಸಲು ಹತ್ತು ಗಂಟೆ. ಮುಹೂರ್ತದ ದಿನ ಎರಡು ಕ್ಯಾಮೆರಾ ಆರು ಗಂಟೆ ಓಡಿದರೆ ಐದು ದಿನದ ಕೆಲಸ ಗಂಟುಬಿತ್ತು. ವಿಡಿಯೋ ಮೊದಲೇ ಕುಗ್ಗಿರುವುದರಿಂದ ಕಂಪ್ರೆಶನ್ ಇಲ್ಲಿ ಉಪಕಾರಕ್ಕೆ ಬರುವುದಿಲ್ಲ. ಕಳಿಸುವ ಮೊದಲು ಸೆಂಡ್‌ಗೆ ಮೈನಸ್ ಎನ್ ವಿ ಕೊಟ್ಟು ಗಾತ್ರದ ಅಂದಾಜು ನೋಡಿ. ವಿಡಿಯೋಗೆ ಬೇರೆ ಡೇಟಾಸೆಟ್, ಆಲ್ಬಮ್, ಬಿಲ್ ಮತ್ತು ಪ್ರಾಜೆಕ್ಟ್ ಫೈಲ್‌ಗಳಿಗೆ ಬೇರೆ ಡೇಟಾಸೆಟ್ ಮಾಡಿದರೆ ಮುಖ್ಯವಾದದ್ದು ಮೊದಲು ಹೋಗುತ್ತದೆ.

ಮೊದಲ ಪೂರ್ತಿ ಪ್ರತಿಯನ್ನಂತೂ ನೆಟ್‌ನಲ್ಲಿ ಕಳಿಸಲೇಬೇಡಿ. ಎರಡು ಟಿಬಿಗೆ ಈ ವೇಗದಲ್ಲಿ ಹದಿನೆಂಟು ದಿನಕ್ಕೂ ಜಾಸ್ತಿ, ಅದೂ ಲೈನ್ ಒಮ್ಮೆಯೂ ಕಡಿಯದಿದ್ದರೆ. ಒಂದು ಹೊರಗಿನ ಡಿಸ್ಕ್‌ನಲ್ಲಿ ಪೂಲ್ (ಝಡ್‌ಎಫ್‌ಎಸ್‌ನ ಡೇಟಾಸೆಟ್‌ಗಳನ್ನು ಹೊರುವ ಡಿಸ್ಕ್ ಜಾಗ) ಮಾಡಿ, ಮುಧೋಳದಲ್ಲೇ ಅದಕ್ಕೆ ಸೆಂಡ್ ಮಾಡಿ, ಎಕ್ಸ್‌ಪೋರ್ಟ್ ಮಾಡಿ. ಕೈಚೀಲದಲ್ಲಿ ಹಾಕಿಕೊಂಡು ಬೆಳಗಾವಿ ಬಸ್ ಹತ್ತಿ. ಅಲ್ಲಿ ಇಂಪೋರ್ಟ್ ಮಾಡಿ ಕಪಾಟಿನ ಕಂಪ್ಯೂಟರ್‌ಗೆ ಮತ್ತೊಮ್ಮೆ ಸೆಂಡ್ ಮಾಡಿದರೆ ಗುಯಿಡ್ ಹಾಗೇ ಉಳಿಯುತ್ತದೆ. ಮುಂದಿನ ವ್ಯತ್ಯಾಸಗಳು ನೆಟ್‌ನಲ್ಲಿ ಹೋಗಲಿ.

ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಬಳಸುವವರಿಗೆ ಎರಡು ಮಾತು. ಅದರಲ್ಲೂ ಸೆಂಡ್ ಮತ್ತು ರಿಸೀವ್ ಇವೆ, ಆದರೆ ಟೋಕನ್ ಇಲ್ಲ. ಮಧ್ಯೆ ನಿಂತರೆ ಆ ಕಡೆ ಅರೆಬರೆ ಸಬ್‌ವಾಲ್ಯೂಮ್ (ಇದರಲ್ಲಿ ಡೇಟಾಸೆಟ್‌ನಂಥದ್ದು) ಉಳಿಯುತ್ತದೆ. ಸಬ್‌ವಾಲ್ಯೂಮ್ ಶೋ ಹಾಕಿದರೆ ರಿಸೀವ್ಡ್ ಯುಯುಐಡಿ ಜಾಗದಲ್ಲಿ ಬರೀ ಗೀಟು ಇರುತ್ತದೆ. ಅದನ್ನು ಅಳಿಸಿ ಮೊದಲಿಂದ ಶುರು ಮಾಡಬೇಕು. ಕೆಟ್ಟ ಲೈನ್ ಇದ್ದವರು ಸ್ಟ್ರೀಮ್ ಅನ್ನು ಮೊದಲು ಇಲ್ಲೇ ಫೈಲ್ ಆಗಿ ಉಳಿಸಿ, ಆ ಫೈಲನ್ನು ಆರ್‌ಸಿಂಕ್‌ನ ಅಪೆಂಡ್ ವೆರಿಫೈ ಆಯ್ಕೆಯಿಂದ ದಾಟಿಸಿ, ಪೂರ್ತಿ ಬಂದ ಮೇಲೆ ರಿಸೀವ್‌ಗೆ ಕೊಡುವುದು ಒಳ್ಳೆಯದು. ಎರಡೂ ಕಡೆ ಆ ಫೈಲ್‌ಗೆ ಅಷ್ಟು ಜಾಗ ಖಾಲಿ ಇರಬೇಕು, ಅದೊಂದೇ ತೊಡಕು.

ಝಡ್‌ಎಫ್‌ಎಸ್ ಬಳಸುವವರು ಬೆಳಗಾವಿಯಲ್ಲಿ ತಿಂಗಳಿಗೊಮ್ಮೆ ಸ್ಕ್ರಬ್ (ಇರುವ ಡೇಟಾವನ್ನೆಲ್ಲ ಓದಿ ಪರೀಕ್ಷಿಸುವ ಕಮಾಂಡ್) ಓಡಿಸಿ, ಕಪಾಟಿನ ಮೇಲಿನ ಹಳೇ ಡಿಸ್ಕ್‌ನಲ್ಲಿ ಯಾವ ಬ್ಲಾಕ್ ಕೆಟ್ಟಿದೆ ಎಂದು ಅದೇ ಹೇಳುತ್ತದೆ. ಜೊತೆಗೆ ಕೊನೆಯ ಸ್ನ್ಯಾಪ್‌ಶಾಟ್‌ನಿಂದ ಒಂದು ಕ್ಲೋನ್ (ಅದರ ಮೇಲೆ ನಿಂತ, ಬರೆಯಬಹುದಾದ ಡೇಟಾಸೆಟ್) ಮಾಡಿ, ಅದರಿಂದ ಒಂದೆರಡು ವಿಡಿಯೋ ತೆರೆದು ನೋಡಿ. ಕ್ಲೋನ್ ಮೇಲೆ ಬರೆದರೂ ಮೂಲ ಡೇಟಾಸೆಟ್ ಬದಲಾಗುವುದಿಲ್ಲ, ಹಾಗಾಗಿ ಮುಂದಿನ ರಿಸೀವ್ ತಕರಾರು ಮಾಡುವುದಿಲ್ಲ. ನೋಡಿದ ಮೇಲೆ ಕ್ಲೋನ್ ಅಳಿಸುವುದು ಮರೆಯಬೇಡಿ. ಅದು ಇರುವವರೆಗೆ ಅದರ ತಾಯಿ ಸ್ನ್ಯಾಪ್‌ಶಾಟ್ ಅಳಿಸಲು ಬರುವುದಿಲ್ಲ, ಆರು ತಿಂಗಳ ನಂತರ ಡಿಸ್ಕ್ ಯಾಕೆ ತುಂಬಿತು ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.